ಕಾತ್ಯಾಯಿನಿಯ ಹೆಸರಿದ್ದ ಡಬ್ಬಿ

ಡಬ್ಬಿಯ ಮೇಲೆ ತನ್ನ ಹೆಸರು ಅಚ್ಚಾಗಿರುವುದನ್ನು ಕಾತ್ಯಾಯಿನಿ ಮೊದಲ ಸಲ ಕಂಡದ್ದು 1976ರ ಅಕ್ಟೋಬರಿನ ಒಂದು ಮಧ್ಯಾಹ್ನ, ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅದನ್ನು ಕೈಚೀಲದಿಂದ ತೆಗೆದು ತೋರಿಸಿದವಳು ಶೀಲಾ. ಒಳಗೆ ಹಾಸಿಗೆಯಲ್ಲಿದ್ದವನು ಅವಳ ಅಣ್ಣ ಯೋಗೇಶ, ಕಾತ್ಯಾಯಿನಿಯ ಮನೆಗೆ ಬಂದು ಹೋಗುತ್ತಿದ್ದ ಹುಡುಗ.

“ಇದು ನಿಮ್ಮದೇ ಅಲ್ವಾ ಆಂಟಿ?”

ಹಸಿರು ಬಣ್ಣದ ತಗಡಿನ ಡಬ್ಬಿ, ಒಳಗೆ ಪುಡಿ. ಅಮೃತಬಳ್ಳಿ ಎಲೆಯ ಸತ್ವ, ರೋಗನಿರೋಧಕ ಶಕ್ತಿಗೆ, ಎಲ್ಲ ವಯಸ್ಸಿನವರಿಗೆ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಕೆಳಗೆ ಅವಳೇ ಕೈಯಾರೆ ಬರೆದಿದ್ದ ಗ್ರಾಫು. ಅದರ ಕೆಳಗೆ, ಸಾಬೀತು ಮಾಡಿದವರು ಡಾ. ಕಾತ್ಯಾಯಿನಿ ಸತ್ಯಪ್ರಕಾಶ್.

“ಇದನ್ನ ಯೋಗೇಶ ತಗೋತಿದ್ನಾ?”

“ಮೂರು ತಿಂಗಳಿಂದ. ದಿನಾ ಎರಡು ಸ್ಪೂನ್. ನಿಮ್ಮ ಹೆಸರಿತ್ತಲ್ಲ, ಅದಕ್ಕೇ ಧೈರ್ಯ ಮಾಡಿದ್ವಿ.”

ಕಾತ್ಯಾಯಿನಿ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಯೋಗೇಶನ ಎರಡೂ ಕಿಡ್ನಿ ಕೆಟ್ಟು ಎರಡು ವರ್ಷವಾಗಿತ್ತು. ಇಪ್ಪತ್ತೈದು ವರ್ಷದ ಶೀಲಾ ಬೆಂಗಳೂರಿನಿಂದ ಬಂದು ತನ್ನದೊಂದನ್ನು ಕೊಟ್ಟಿದ್ದಳು. ಒಡಹುಟ್ಟಿದವಳದೇ ಆದರೂ ಮೈ ಅದನ್ನು ಹೊರಗಿನದೆಂದೇ ತಿಳಿದು ಮುರಿದು ಹಾಕಲು ನೋಡುತ್ತದೆ. ಆ ಕಾವಲಿನ ಶಕ್ತಿಯನ್ನು ತಗ್ಗಿಸಿಡಲು ಯೋಗೇಶ ದಿನವೂ ಮಾತ್ರೆ ನುಂಗುತ್ತಿದ್ದ. ಮಾತ್ರೆ ತಗ್ಗಿಸುತ್ತಿದ್ದುದನ್ನೇ ಈ ಎಲೆ ಎತ್ತಿ ನಿಲ್ಲಿಸಿದ್ದರೆ? ಕಿಡ್ನಿ ಈಗ ದಿನದಿಂದ ದಿನಕ್ಕೆ ಸೋಲುತ್ತಿತ್ತು.

“ಯಾರನ್ನೂ ಕೇಳಲಿಲ್ವಾ ಶೀಲಾ?”

“ಡಬ್ಬಿ ಮಾರೋ ವಾಮನಮೂರ್ತಿ ಅಂಕಲ್‌ಗೇ ಫೋನ್ ಮಾಡಿ ಕೇಳ್ದೆ. ಟ್ರಾನ್ಸ್‌ಪ್ಲಾಂಟ್ ಆಗಿದೆ, ತಗೋಬಹುದಾ ಅಂತ. ‘ಎಲೆ ಕಣಮ್ಮ, ಎಲೆಯಿಂದ ಏನಾಗತ್ತೆ, ನಿಮ್ಮಜ್ಜಿ ಕೊಡ್ತಿರಲಿಲ್ವಾ’ ಅಂದ್ರು.”

ಡಾ. ವಾಮನಮೂರ್ತಿ ವರ್ಜೀನಿಯಾದಲ್ಲಿ ಕ್ಲಿನಿಕ್ ನಡೆಸುತ್ತಿದ್ದ ವೈದ್ಯರು, ಕನ್ನಡ ಸಂಘದ ಅಧ್ಯಕ್ಷರು. ಬೆಳ್ಳಿಗೂದಲು, ತುಂಬು ದನಿ, ಎಲ್ಲರ ಮನೆಯ ಸತ್ಯನಾರಾಯಣ ಪೂಜೆಯಲ್ಲೂ ಮೊದಲ ಸಾಲು. ಆ ವರ್ಷದ ಯುಗಾದಿ ಸಮಾರಂಭಕ್ಕೆ ಕಾತ್ಯಾಯಿನಿಯನ್ನು ಕರೆದು ಭಾಷಣ ಮಾಡಿಸಿದ್ದವರು ಅವರೇ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಅರವತ್ತೇಳರಲ್ಲಿ ಗಂಡನ ಜೊತೆ ಬಂದು, ಇಲ್ಲೇ ಡಾಕ್ಟರೇಟ್ ಮುಗಿಸಿದ ಅವಳು ನಾಲ್ಕು ವರ್ಷದಿಂದ ಅಮೃತಬಳ್ಳಿಯ ಎಲೆಯ ರಸವನ್ನು ಬಿಳಿ ಇಲಿಗಳಿಗೆ ಕೊಟ್ಟು ನೋಡುತ್ತಿದ್ದಳು. ಕುರಿಯ ರಕ್ತಕಣಗಳನ್ನು ಇಲಿಗೆ ಚುಚ್ಚಿದರೆ ಅದರ ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, ಎದುರಾಳಿ ಕಣಗಳು ಹುಟ್ಟುತ್ತವೆ. ಎಲೆಯ ರಸ ಕುಡಿದ ಇಲಿಗಳಲ್ಲಿ ಅಂಥ ಕಣಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. “ಇದು ಇಲಿಗಳ ವಿಷಯ. ಮನುಷ್ಯರ ವಿಷಯ ನಮಗಿನ್ನೂ ಗೊತ್ತಿಲ್ಲ” ಎಂದು ಆವತ್ತು ಎರಡು ಸಲ ಹೇಳಿದ್ದಳು. ವಾಮನಮೂರ್ತಿ ಶಾಲು ಹೊದಿಸಿ, ಗ್ರಾಫಿನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡಿದ್ದರು. “ನಮ್ಮವರಿಗೆಲ್ಲ ತೋರಿಸ್ತೀನಮ್ಮ, ಹೆಮ್ಮೆಪಡೋ ವಿಷಯ” ಎಂದಿದ್ದರು.

ಕಾತ್ಯಾಯಿನಿ ಡಬ್ಬಿಯನ್ನು ಹಿಡಿದುಕೊಂಡು ಯೋಗೇಶನ ವೈದ್ಯರ ಬಳಿಗೆ ನೇರ ನಡೆದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಎಲೆಯೇ ಕಾರಣವೋ ಅಲ್ಲವೋ ಹೇಳಲಾಗದು, ಆದರೆ ಇವತ್ತಿನಿಂದ ಒಂದು ಚಿಟಿಕೆಯೂ ಬೇಡ ಎಂದರು. ತಡವಾಗಿತ್ತು. ಮೂರನೆಯ ವಾರ ಶೀಲಾಳ ಕಿಡ್ನಿಯನ್ನು ಅಣ್ಣನ ಹೊಟ್ಟೆಯಿಂದ ತೆಗೆದು ಹಾಕಿದರು. ಯೋಗೇಶ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಕೂರುವಂತಾಯಿತು. ಅವನು ಯಾರನ್ನೂ ಬಯ್ಯಲಿಲ್ಲ. “ಸಾರಿ ಕಣೇ” ಎಂದು ತಂಗಿಗೆ ಹೇಳಿದನಂತೆ, ಅವಳ ಸೈಕಲ್ಲನ್ನು ತಾನೇ ಕಳೆದು ಬಂದವನ ಹಾಗೆ. 

ರಾಜ್ಯೋತ್ಸವ ಒಂದು ಹೈಸ್ಕೂಲಿನ ಕೆಫೆಟೇರಿಯಾದಲ್ಲಿ ನಡೆಯಿತು. ಬಾಗಿಲ ಬಳಿಯ ಮೇಜಿನ ಮೇಲೆ, ಬಿಸಿಬೇಳೆಬಾತಿನ ಪಾತ್ರೆಯ ಪಕ್ಕದಲ್ಲೇ, ಹಸಿರು ಡಬ್ಬಿಗಳು ಸಾಲಾಗಿ ಕುಳಿತಿದ್ದವು. ನಾಡಗೀತೆ ಮುಗಿಯುತ್ತಲೇ ಕಾತ್ಯಾಯಿನಿ ಯಾರ ಅಪ್ಪಣೆಗೂ ಕಾಯದೆ ಮೈಕಿನ ಮುಂದೆ ನಿಂತಳು.

“ಆ ಡಬ್ಬಿ ಮೇಲೆ ನನ್ನ ಹೆಸರಿದೆ. ಅದನ್ನ ಹಾಕಿ ಅಂತ ನಾನು ಹೇಳಿಲ್ಲ, ನನ್ನನ್ನ ಯಾರೂ ಕೇಳಿಲ್ಲ. ಮನುಷ್ಯರ ಮೇಲೆ ನಾನು ಏನನ್ನೂ ಸಾಬೀತು ಮಾಡಿಲ್ಲ. ಟ್ರಾನ್ಸ್‌ಪ್ಲಾಂಟ್ ಆದೋರಿಗೆ ಇದು ಅಪಾಯ ಆಗಬಹುದು. ಒಬ್ಬರು ಕಿಡ್ನಿ ಕಳ್ಕೊಂಡಿದ್ದಾರೆ.”

ಸಭೆ ಗುಜುಗುಜು ಎಂದಿತು. ವಾಮನಮೂರ್ತಿ ಮುಗುಳ್ನಗುತ್ತಲೇ ಎದ್ದರು.

“ಕಾತ್ಯಾಯಿನಿಯವರೇ, ಎಲೆಯಿಂದಲೇ ಕಿಡ್ನಿ ಹೋಯ್ತು ಅಂತ ನೀವು ಪ್ರಮಾಣ ಮಾಡಿ ಹೇಳ್ತೀರಾ?”

ಹೌದು ಎಂದುಬಿಟ್ಟಿದ್ದರೆ ಆ ಕ್ಷಣ ಅವಳು ಗೆಲ್ಲುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು.

“ಇಲ್ಲ. ಹಾಗೆ ಹೇಳೋದಕ್ಕೆ ನನ್ನ ಹತ್ರ ಪುರಾವೆ ಇಲ್ಲ.”

“ನೋಡಿದ್ರಾ? ಅವರೇ ಒಪ್ತಾರೆ” ಎಂದು ಅವರು ಸಭೆಯ ಕಡೆ ಕೈ ಚಾಚಿದರು. “ಸಾವಿರಾರು ವರ್ಷದ ನಮ್ಮ ಆಯುರ್ವೇದಾನ ಇಲ್ಲಿಯವರು ಹಳಿಯೋದು ಸಾಲ್ದು ಅಂತ ನಮ್ಮವರೇ ನಿಂತ್ರೆ ಏನು ಮಾಡೋಣ ಹೇಳಿ.”

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿದ್ದ ಶೀಲಾ ಸೆರಗನ್ನು ಪಕ್ಕೆಯ ಆಪರೇಷನ್ ಕಲೆಯ ಮೇಲೆ ಅವುಚಿಕೊಂಡು ಹೊರಗೆ ಹೋದಳು. ಕಾತ್ಯಾಯಿನಿಯ ಮೈಯೆಲ್ಲ ಉರಿದು ಹೋಯಿತು. ಈ ಮನುಷ್ಯ ಏನೂ ಅರಿಯದ ಅಂಗಡಿಯವನಲ್ಲ. ಮೆಡಿಕಲ್ ಕಾಲೇಜಿನಲ್ಲಿ ಓದಿದವನು, ಕಿಡ್ನಿ ಬದಲಾಯಿಸಿದವರು ಯಾಕೆ ಮಾತ್ರೆ ನುಂಗುತ್ತಾರೆಂದು ಬಲ್ಲವನು. ಗೊತ್ತಿದ್ದೂ ಆ ಹುಡುಗಿಗೆ ಅಜ್ಜಿಯ ಹೆಸರು ಹೇಳಿದ್ದ. ತನ್ನ ಸತ್ಯವನ್ನೇ ಎತ್ತಿ ತನಗೇ ಬಡಿದಿದ್ದ.

“ಬಿಟ್ಬಿಡೇ. ನಾಲ್ಕು ಜನರ ಜೊತೆ ಬದುಕಬೇಕು ನಾವು” ಎಂದ ಗಂಡ ಸತ್ಯಪ್ರಕಾಶ, ಊರನ್ನು ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಮೇಲೆ ಕಾರು ಓಡಿಸುತ್ತ.

“ಪುರಾವೆ ಕೇಳಿದ್ರಲ್ಲ, ಕೊಡ್ತೀನಿ” ಎಂದಳು ಅವಳು.

ಲ್ಯಾಬಿನ ಮುಖ್ಯಸ್ಥರು ಬೇರೆ ಕೆಲಸ ಮುಗಿಸಿ ಬೇಕಾದರೆ ಮಾಡು ಎಂದರು. ಹಾಗಾಗಿ ಸಂಜೆಯ ಹೊತ್ತು ಮತ್ತು ಶನಿವಾರ, ಭಾನುವಾರಗಳೇ ಅವಳ ಪಾಲಿಗೆ ಬಂದವು. ಒಂದು ಜಾತಿಯ ಇಲಿಯ ಚರ್ಮದ ತುಣುಕನ್ನು ಇನ್ನೊಂದು ಜಾತಿಯ ಇಲಿಯ ಬೆನ್ನಿಗೆ ಹೊಲಿದಳು. ಎಲ್ಲ ಇಲಿಗಳಿಗೂ ಯೋಗೇಶ ನುಂಗುತ್ತಿದ್ದಂಥದೇ ಔಷಧ, ಅರ್ಧ ಇಲಿಗಳಿಗೆ ಜೊತೆಯಲ್ಲಿ ಅಮೃತಬಳ್ಳಿ ಎಲೆಯ ರಸ. ದಿನವೂ ಬ್ಯಾಂಡೇಜು ಬಿಚ್ಚಿ ನೋಡುವುದು. ಬರೀ ಔಷಧ ಪಡೆದ ಇಲಿಗಳ ಬೆನ್ನ ಮೇಲೆ ಪರಕೀಯ ಚರ್ಮ ತಿಂಗಳವರೆಗೂ ಗುಲಾಬಿ ಬಣ್ಣಕ್ಕೆ ಮೆತ್ತಗಿತ್ತು. ಎಲೆಯ ರಸ ಕುಡಿದವುಗಳಲ್ಲಿ ಎರಡು ವಾರದೊಳಗೆ ಕಪ್ಪಾಗಿ, ಒಣಗಿ, ಉದುರಿತು. ನಂಬಿಕೆ ಸಾಲದೆ ಮತ್ತೆ ಮಾಡಿದಳು, ಮೂರನೆಯ ಸಲವೂ ಮಾಡಿದಳು. ಪ್ರತಿ ಸಲವೂ ಅದೇ ಫಲ. ಎಲೆ ಸುಳ್ಳಲ್ಲ ಎಂಬುದೇ ಅವಳ ಸಿಟ್ಟನ್ನು ಹೆಚ್ಚಿಸಿತು. ಇಷ್ಟು ಶಕ್ತಿಯ ಗಿಡವನ್ನು ಯಾರಿಗೆ, ಎಷ್ಟು, ಯಾವಾಗ ಎಂದು ಕೇಳದೆ ಹಂಚುವುದು ಅದಕ್ಕೂ ಮಾಡಿದ ಅವಮಾನವೇ ಅಲ್ಲವೇ?

1978ರ ವಸಂತದಲ್ಲಿ ಪ್ರಬಂಧ ಅಚ್ಚಾಯಿತು. ಅದರ ಪ್ರತಿಯೊಂದನ್ನು ಹಿಡಿದು ಅವಳು ವಾಮನಮೂರ್ತಿಯವರ ಕ್ಲಿನಿಕ್ಕಿಗೆ ಹೋದಳು. ಅವರು ಕನ್ನಡಕ ಏರಿಸಿ ಕೊನೆಯ ಪುಟ ಓದಿದರು. ಮುಖದ ಬಣ್ಣ ಸ್ವಲ್ಪ ಇಳಿಯಿತು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು.

“ಇಲಿಗಳು ತಾನೇ ಕಾತ್ಯಾಯಿನಿಯವರೇ.”

“ಹೌದು ಸಾರ್, ಇಲಿಗಳೇ. ನನ್ನ ಗ್ರಾಫನ್ನ ಡಬ್ಬಿ ಮೇಲೆ ಅಂಟಿಸ್ಕೊಂಡಾಗಲೂ ಅವು ಇಲಿಗಳೇ ಆಗಿದ್ವು. ಆಗ ಯಾಕೆ ನೆನಪಾಗಲಿಲ್ಲ?”

ವಾಮನಮೂರ್ತಿ ಗಡಿಯಾರ ನೋಡಿದರು. ಪೇಷೆಂಟ್ ಕಾಯುತ್ತಿದ್ದಾರೆ ಎಂದು ಎದ್ದು ನಿಂತರು.

ಮುಂದಿನ ತಿಂಗಳು ಕ್ಲಿನಿಕ್ಕಿನ ಕಪಾಟಿನಿಂದ ಡಬ್ಬಿಗಳು ಮಾಯವಾದವು. ಕ್ಷಮೆಯಿಲ್ಲ, ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. ಸಂಘದ ಪತ್ರಿಕೆಗೆ ಅವಳು ಬರೆದ ಪತ್ರವನ್ನು ‘ವೈಯಕ್ತಿಕ ಜಗಳಗಳನ್ನು ಪ್ರಕಟಿಸುವುದಿಲ್ಲ’ ಎಂದು ಹಿಂದಿರುಗಿಸಿದರು. ವಾಮನಮೂರ್ತಿಯವರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದರು, ಅವಿರೋಧವಾಗಿ.

ಕಾತ್ಯಾಯಿನಿ ಆ ಪತ್ರವನ್ನು ಸೈಕ್ಲೋಸ್ಟೈಲ್ ಮಾಡಿಸಿ ನೂರಾರು ಪ್ರತಿ ತೆಗೆಸಿದಳು. ಶೀಲಾ ಸಂಘದ ಹಳೆಯ ವಿಳಾಸಪಟ್ಟಿ ತಂದಳು. ಡಯಾಲಿಸಿಸ್ ಕೋಣೆಯಲ್ಲಿ ಯೋಗೇಶ ಬಿಡುವಿದ್ದ ಒಂದು ಕೈಯಲ್ಲೇ ಲಕೋಟೆಗಳಿಗೆ ಸ್ಟಾಂಪು ಅಂಟಿಸಿದ. “ಸಿಟ್ಟು ಬರಲ್ವೇನೋ ನಿನಗೆ?” ಎಂದು ಕಾತ್ಯಾಯಿನಿ ಕೇಳಿದಾಗ, “ಬರತ್ತೆ ಆಂಟಿ. ನಿಮ್ಮಷ್ಟು ಜೋರಾಗಿ ಕೂಗೋಕೆ ಶಕ್ತಿ ಇಲ್ಲ ಅಷ್ಟೆ” ಎಂದ.

ಹತ್ತು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಟ್ಲಾಂಟಾದಿಂದ ಗುರುತಿಲ್ಲದ ಗಂಡಸೊಬ್ಬರ ಫೋನು ಬಂತು.

“ನಿಮ್ಮ ಕಾಗದ ನಮ್ಮ ಹಳೇ ವಾಷಿಂಗ್ಟನ್ ವಿಳಾಸದಿಂದ ಇಲ್ಲಿಗೆ ಬಂತಮ್ಮ. ನನ್ನ ಹೆಂಡತಿಗೆ ಹೋದ ವರ್ಷ ಕಿಡ್ನಿ ಹಾಕಿದಾರೆ. ಈ ಪುಡಿ ಶುರು ಮಾಡಿ ಎಂಟು ದಿನ ಆಯ್ತು. ಏನು ಮಾಡ್ಲಿ?”

“ಈಗಲೇ ನಿಲ್ಸಿ. ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಎಲ್ಲಾನೂ ಹೇಳಿ, ಮುಚ್ಚಿಡಬೇಡಿ. ಮಾತ್ರೆಗಳನ್ನ ಮಾತ್ರ ಯಾವ ಕಾರಣಕ್ಕೂ ಬಿಡಬಾರದು.”

ಅವರು ಎರಡೆರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ತಡವರಿಸುತ್ತ, “ಇಲ್ಲಿ ಇನ್ನೂ ಏಳೆಂಟು ಮನೇಲಿ ಇದೆ. ಷಾರ್ಲಟ್ ಊರಿನೋರಿಗೂ ನಾನೇ ಕಳಿಸ್ಕೊಟ್ಟಿದ್ದೆ, ಒಳ್ಳೇದು ಅಂತ. ನಿಮ್ಮ ಪಟ್ಟೀಲಿ ಅವರ್ಯಾರೂ ಇರಲಿಕ್ಕಿಲ್ಲ” ಎಂದರು.

ಕಾತ್ಯಾಯಿನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಷ್ಟು ದೂರ ಹರಡಿದೆಯೇ ಎಂದು ಸಿಟ್ಟು ಹೊಸದಾಗಿ ಹೊತ್ತಿಕೊಂಡಿತು.

“ಒಂದು ನಿಮಿಷ ಇರಿ” ಎಂದು ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಪೆನ್ನು ಹುಡುಕಿದಳು. “ಹ್ಞೂಂ, ಒಬ್ಬೊಬ್ಬರ ಹೆಸರೇ ಹೇಳಿ.”