ತಿಳಿಯಾದ ಫ್ಲಾಸ್ಕುಗಳು

ಮಲ್ಲೇಶ್ವರದ ಹತ್ತಿರದ ಒಂದು ಲ್ಯಾಬಿನಲ್ಲಿ ನಂದಿತಾ ಮೂರು ವರ್ಷದಿಂದ ಕಡಲ ಪಾಚಿ ಬೆಳೆಸುತ್ತಿದ್ದಳು. ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಚೆನ್ನಾಗಿ ಬೆಳೆದರೆ ಗಾಜಿನ ಫ್ಲಾಸ್ಕಿನ ನೀರು ತೆಳು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಕಾರವಾರದಿಂದ ಕ್ಯಾನುಗಳಲ್ಲಿ ತರಿಸಿದ ಸಮುದ್ರದ ನೀರನ್ನು ಸೋಸಿ, ಕುದಿಸಿ, ಆರಿಸಿ, ಅದರಲ್ಲಿ ಪಾಚಿ ಬಿಡಬೇಕು.

ಜನವರಿಯ ಒಂದು ಸೋಮವಾರ ಬಂದು ನೋಡಿದರೆ ಹನ್ನೆರಡೂ ಫ್ಲಾಸ್ಕು ತಿಳಿನೀರಾಗಿ ನಿಂತಿದ್ದವು. ತಳದಲ್ಲಿ ಒಂದಿಷ್ಟು ಬೂದು ಗಸಿ, ಅಷ್ಟೇ.

ಪ್ರೊಫೆಸರ್ ಶಶಿಕಿರಣ್ ಎಲ್ಲರನ್ನೂ ಕೂರಿಸಿಕೊಂಡು ಏನಾಯಿತೆಂದು ಕೇಳಿದರು. ನಂದಿತಾಗೆ ಥಟ್ಟನೆ ನೆನಪಾಯಿತು. ಹಿಂದಿನ ವಾರ ಬಸವನಗುಡಿಯಲ್ಲಿ ಗೆಳತಿಯ ನಿಶ್ಚಿತಾರ್ಥಕ್ಕೆ ಹೊತ್ತಾಯಿತೆಂದು, ಕೊನೆಯ ಕ್ಯಾನಿನ ನೀರನ್ನು ಕುದಿಸದೆ ಬರೀ ಸೋಸಿ ಆ ಹನ್ನೆರಡಕ್ಕೂ ಹಾಕಿದ್ದಳು. ಬಾಗಿಲ ಬಳಿ ಸುಬ್ಬಮ್ಮ ನಿಂತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಗುತ್ತಿಗೆ ಕೆಲಸದವರು.

"ಸೋಪು ಸರಿಯಾಗಿ ಹೋಗಿಲ್ಲ ಅನ್ಸುತ್ತೆ ಸರ್," ಅಂದಳು ನಂದಿತಾ.

"ಮೂರು ಸಲ ನೀರು ಹಾಕಿ ತೊಳ್ದಿದೀನಿ ಸಾರ್," ಅಂದರು ಸುಬ್ಬಮ್ಮ.

ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಾರ ಗುತ್ತಿಗೆಯವನು ಬೇರೆ ಹೆಂಗಸನ್ನು ಕಳಿಸಿದ.

ಫ್ರಿಜ್ಜಿನಲ್ಲಿ ಆ ತಿಳಿನೀರು ಸ್ವಲ್ಪ ಉಳಿದಿತ್ತು. ಮನಸ್ಸು ಕೊರೆಯುತ್ತಲೇ ಇದ್ದುದರಿಂದ ಏಪ್ರಿಲ್‌ನಲ್ಲಿ ನಂದಿತಾ ಅದನ್ನು ಹೊರತೆಗೆದಳು. ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ನವಿರಾಗಿ ಸೋಸಿ, ಒಂದು ಹನಿಯನ್ನು ಒಳ್ಳೆಯ ಪಾಚಿಗೆ ಬಿಟ್ಟಳು. ನಾಲ್ಕನೇ ದಿನ ಆ ಫ್ಲಾಸ್ಕು ತಿಳಿಯಾಯಿತು. ಅದರಿಂದ ಒಂದು ಹನಿ ಇನ್ನೊಂದಕ್ಕೆ, ಅದೂ ತಿಳಿಯಾಯಿತು. ಸೋಪಾಗಿದ್ದರೆ ಹನಿಯಿಂದ ಹನಿಗೆ ತೆಳುವಾಗಿ ಇಲ್ಲವಾಗಬೇಕಿತ್ತು. ಇದು ಬೆಳೆಯುತ್ತಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಪಾಚಿಯ ಒಂದೊಂದು ಕೋಶದೊಳಗೂ ಆರು ಮೂಲೆಯ ಕಣಗಳು ಕಿಕ್ಕಿರಿದಿದ್ದವು. ಕಡಲಲ್ಲಿ ಮೈಲುಗಟ್ಟಲೆ ಹಬ್ಬಿದ ಪಾಚಿಯನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುವಂಥ ವೈರಸ್.

"ಅದೃಷ್ಟ ಕಣಮ್ಮ ನಿಂದು, ಹೊಸ ವೈರಸ್ಸೇ ಸಿಕ್ತು," ಎಂದು ಪ್ರೊಫೆಸರ್ ಮೈಸೂರುಪಾಕು ತರಿಸಿದರು. ನಂದಿತಾ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

ಭಾನುವಾರ ವೈಯಾಲಿಕಾವಲ್‌ನಲ್ಲಿ ವಿಚಾರಿಸಿಕೊಂಡು ಸುಬ್ಬಮ್ಮನ ಮನೆಗೆ ಹೋದಳು. ಅವರು ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅದು ಸೋಪಲ್ಲ ಸುಬ್ಬಮ್ಮ. ನೀರಲ್ಲಿ ವೈರಸ್ ಇತ್ತು. ನಾನು ಕುದಿಸಿರ್ಲಿಲ್ಲ."

"ಅವತ್ತೇ ಗೊತ್ತಿತ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. "ವೈರಸ್ ಅಂತ ಗೊತ್ತಿರ್ಲಿಲ್ಲ. ಕುದಿಸಿಲ್ಲ ಅನ್ನೋದು ಗೊತ್ತಿತ್ತು," ಅಂದಳು.

ಸುಬ್ಬಮ್ಮ ಇನ್ನೆರಡು ಕಾಯಿ ಬಿಡಿಸಿದರು. "ನಮ್ಮ ಬಿಂದುಗೆ ನಾನೇ ಕೆಲ್ಸ ಬಿಟ್ಟೆ ಅಂತ ಹೇಳಿದೀನಿ. ತೊಳ್ಯೋಕೆ ಬರಲ್ಲ ಅಂತ ಕಳ್ಸಿದ್ರು ಅಂತ ಮಗಳ ಮುಂದೆ ಹೆಂಗೆ ಹೇಳ್ಲಿ? ನೀವು ಇಲ್ಲಿ ಬಂದು ಹೇಳಿದ್ರೆ ಏನು ಬಂತು. ಅವತ್ತು ಅಲ್ಲಿ ಕೂತಿದ್ರಲ್ಲ, ಅವ್ರಿಗೆ ಹೇಳಿ."

ಶುಕ್ರವಾರ ಲ್ಯಾಬಿನ ಸೆಮಿನಾರಿಗೆ ಹೊರಗಿನಿಂದಲೂ ಜನ ಬಂದಿದ್ದರು. ವೈರಸ್ಸಿನ ಚಿತ್ರ ತೋರಿಸುವ ಮುಂಚೆ ನಂದಿತಾ ಮೇಜಿನ ಅಂಚು ಹಿಡಿದುಕೊಂಡು, ತಾನು ನೀರು ಕುದಿಸದಿದ್ದುದನ್ನೂ, ಅದು ಗೊತ್ತಿದ್ದೂ ಸುಬ್ಬಮ್ಮನ ಮೇಲೆ ತಪ್ಪು ಹೊರಿಸಿದ್ದನ್ನೂ ಹೇಳಿದಳು. ಪ್ರೊಫೆಸರ್ ತಮ್ಮ ಕಾಗದ ನೋಡುತ್ತಾ, "ಸರಿ, ಮುಂದಕ್ಕೆ ಹೋಗು," ಅಂದರು.

ಲ್ಯಾಬಿನವರು ಗುತ್ತಿಗೆಯವನಿಗೆ ಹೇಳಿ ಕರೆಸಿಕೊಂಡಿದ್ದರಿಂದ ಜೂನ್‌ನಲ್ಲಿ ಸುಬ್ಬಮ್ಮ ಕೆಲಸಕ್ಕೆ ಮರಳಿದರು. ಯಾರ ಮೇಲೂ ಸಿಡುಕಲಿಲ್ಲ. ಆದರೆ ನಂದಿತಾಳ ಫ್ಲಾಸ್ಕುಗಳನ್ನು ಮಾತ್ರ ಒಂದೊಂದಾಗಿ ಅವಳ ಮೇಜಿಗೇ ತಂದು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು.

"ನೋಡ್ಕೊಳ್ಳಿ ಮೇಡಂ."

ನಂದಿತಾ ಕೈಯ ಕೆಲಸ ಬಿಟ್ಟು ಒಂದೊಂದನ್ನೂ ನೋಡುತ್ತಿದ್ದಳು.