ಪೆರ್ರೊ ಎಲ್ಲಿಂದ ಬಂತು?

೧.
ಹೇಗೆ ಶುರು ಮಾಡಲಿ? "ಇನ್ನೊಂದು ಭಾಷೆ ಕಲಿ, ನಾಯಿ ತಂದುಕೊಡ್ತೀನಿ" ಎಂದು ಮಗಳಿಗೆ ಎಂದೋ ಕೊಟ್ಟ ಮಾತಿನಿಂದಲೇ ಮಾಡುತ್ತೇನೆ. ಆಗಿನ್ನೂ ಅವಳದು ಹಾಲುಹಲ್ಲು. ಮರೆತಾಳು ಅಂದುಕೊಂಡಿದ್ದೆ. (ಓದುಗರೇ, ನಗಬೇಡಿ. ಇಂಥ ಮಾತು ನೀವೂ ಕೊಟ್ಟಿರುತ್ತೀರಿ.)

೨.
ಈಗ ಶಾಲೆಯಲ್ಲಿ ಸ್ಪ್ಯಾನಿಷ್ ಹೇಳಿಕೊಡುತ್ತಿದ್ದಾರೆ. ವಕೀಲಮ್ಮ (ವಾದಕ್ಕೆ ನಿಂತರೆ ಬಿಡದ ಮಗಳಿಗೆ ನಾನಿಟ್ಟ ಹೆಸರು) ಹಳೆಯ ಮಾತನ್ನು ಎತ್ತಿಯೇಬಿಟ್ಟಳು. ನಾನೋ, ದಿನವಿಡೀ ಹಲ್ಲಿನ ಡಾಕ್ಟರ ಪಕ್ಕ ನಿಂತು ಕಂಡವರ ಬಾಯಿಗೆ ಲೈಟು ಹಿಡಿಯುವವಳು. ಸಂಜೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಮಲಗಿರುವ ಕಂದು ಬೀದಿನಾಯಿಯನ್ನು ದಾಟುವುದಕ್ಕೇ ದಣಿದ ಕಾಲು ಏಳುವುದಿಲ್ಲ. ಇನ್ನು ಮನೆಯಲ್ಲೊಂದು ನಾಯಿಯೇ? ಷರತ್ತು ಹಾಕಿದೆ: ನಾನು ಕೇಳಿದ ಪ್ರತಿ ಪದಕ್ಕೂ ಸ್ಪ್ಯಾನಿಷ್ ಹೇಳಿ, ಅದು ಹುಟ್ಟಿಬಂದ ಲ್ಯಾಟಿನ್ ಬೇರು ತೋರಿಸಬೇಕು, ಅದೇ ಬೇರಿನ ಇಂಗ್ಲಿಷ್ ನೆಂಟನನ್ನೂ ಕರೆತರಬೇಕು. ಒಂದು ತಪ್ಪಿದರೂ ನಾಯಿ ಇಲ್ಲ.

"ಕೈ?"

"ಮಾನೊ. ಲ್ಯಾಟಿನ್ನಲ್ಲಿ ಮಾನುಸ್. ಇಂಗ್ಲಿಷಲ್ಲಿ ಮ್ಯಾನ್ಯುಯಲ್."

"ಹಲ್ಲು?"

"ದಿಯೆಂತೆ. ಲ್ಯಾಟಿನ್ನಲ್ಲಿ ದೆನ್ಸ್. ನೆಂಟ ನಿನ್ ಕ್ಲಿನಿಕ್ ಬೋರ್ಡ್ ಮೇಲೇ ಕೂತಿದಾನಲ್ಲಮ್ಮ, ಡೆಂಟಲ್!"

೩.
(ಹೊಡೆದುಹಾಕಿದ ಸಾಲು: ತಾಯಿ ಹೆಮ್ಮೆಯಿಂದ ಮಗಳನ್ನು ಅಪ್ಪಿಕೊಂಡಳು. ಸುಳ್ಳು. ತಾಯಿಗೆ ಗಾಬರಿಯಾಯಿತು.)

೪.
ಕೊನೆಯ ಅಸ್ತ್ರ ತೆಗೆದೆ. "ನಾಯಿ?"

"ಪೆರ್ರೊ" ಎಂದವಳು ಅಲ್ಲೇ ನಿಂತಳು. ಲ್ಯಾಟಿನ್ನಿನಲ್ಲಿ ನಾಯಿ ಎಂದರೆ ಕಾನಿಸ್. ಇಂಗ್ಲಿಷಿನ ಕೆನೈನ್ ಆ ಮನೆಯ ಕೂಸು. ಪೆರ್ರೊ ಆ ಮನೆಯದಲ್ಲ. ಇಬ್ಬರೂ ನಿಘಂಟು ತಡಕಾಡಿದೆವು. ಮೂಲ ತಿಳಿಯದು, ಎಂದಿತ್ತು.

ಗೆದ್ದೆ. (ಗೆದ್ದೆನೇ?)

"ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ," ಎಂದಳು. "ಆದ್ರೂ ಭಾಷೆಯಿಂದ ಯಾರೂ ಹೊರಗೆ ಹಾಕಿಲ್ವಲ್ಲಮ್ಮ."

೫.
ಅಂತ್ಯ ಒಂದು: ಷರತ್ತು ಷರತ್ತೇ, ನಾಯಿ ಇಲ್ಲ. ಅಂತ್ಯ ಎರಡು: ಯಾರೋ ಪಂಡಿತರು ಬಂದು ಪೆರ್ರೊದ ಬೇರು ಹುಡುಕಿಕೊಡುತ್ತಾರೆ. ಅಂತ್ಯ ಮೂರು...

"ಮೂರನೇದು ಬೇಡ," ಬೆನ್ನ ಹಿಂದೆ ನಿಂತು ಓದುತ್ತಿದ್ದಳು ವಕೀಲಮ್ಮ. "ಕಥೆ ಏನಾದ್ರೂ ಮಾಡ್ಕೋ. ನಾಯಿ ಯಾವಾಗ?"

"ಸೋತವರು ಹೀಗೆ ಕೇಳಬಾರದು ಕಣೇ."

"ನೀನು ಮಾತು ಕೊಟ್ಟಾಗ ಲ್ಯಾಟಿನ್ ಷರತ್ತು ಇತ್ತಾ?"

ಇರಲಿಲ್ಲ. ಈಗ ಈ ಕಥೆಯಲ್ಲಿ ಗೆದ್ದವರು ಯಾರು, ಷರತ್ತಿನ ಗತಿ ಏನು, ನನಗಂತೂ ತಿಳಿಯುತ್ತಿಲ್ಲ. ನಿಮಗೆ ತಿಳಿದರೆ ನನಗೆ ಹೇಳಬೇಡಿ, ಅವಳಿಗಂತೂ ಹೇಳಲೇಬೇಡಿ.

ಶನಿವಾರ ಕ್ಲಿನಿಕ್ಕು ಮುಚ್ಚಿದ ಮೇಲೆ ಮೆಟ್ಟಿಲ ಮೇಲಿನ ಕಂದು ನಾಯಿಯನ್ನು ಮನೆಗೆ ಕರೆತಂದೆ.