ಮೂರನೇ ಬೆಳಿಗ್ಗೆಯ ಹೊಲಿಗೆ

ಡಿಪೋದವರೆಲ್ಲ ‘ಸೆಕೆಂಡ್ ಗೇರ್’ ಎಂದೇ ಕರೆಯುತ್ತಿದ್ದ ಬಸ್ ಡ್ರೈವರನ್ನು ಅವನ ಅಕ್ಕ ಆಸ್ಪತ್ರೆಗೆ ಕರೆತಂದಾಗ ಮಧ್ಯಾಹ್ನ ಹನ್ನೆರಡೂವರೆ. ಒಂದು ಗಂಟೆಯೊಳಗೆ ಡಾಕ್ಟರಮ್ಮ ಅವನ ಹೊಟ್ಟೆ ತೆರೆದಿದ್ದಳು. ಕರುಳು ಹಗ್ಗದಂತೆ ತಿರುಚಿಕೊಂಡು ಮೊಳದಷ್ಟು ಭಾಗ ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದು, ಒಳಗೆಲ್ಲ ತೊಳೆದು, ಇನ್ನು ಮುಚ್ಚೋಣವೆಂದರೆ ಉಳಿದ ಕರುಳು ಊದಿಕೊಂಡು ಹೊರಗೇ ಕುಳಿತಿತ್ತು. ಗಾಯದ ಎರಡು ಅಂಚುಗಳ ನಡುವೆ ಹತ್ತಿರ ಹತ್ತಿರ ಒಂದು ಗೇಣು ಅಂತರ.

ಎದುರಿಗೆ ನಿಂತಿದ್ದ ಹಿರಿಯ ಡಾಕ್ಟರು, ದಪ್ಪ ದಾರ ಹಾಕಿ ಎಳೆದು ಕಟ್ಟಿಬಿಡೋಣ, ನಮ್ಮ ಕಾಲದಲ್ಲಿ ಹಾಗೇ ಮಾಡುತ್ತಿದ್ದೆವು ಎಂದರು. ಎರಡು ವರ್ಷದ ಹಿಂದೆ ಅವಳು ಅದೇ ಮಾತು ಕೇಳಿ ಒಬ್ಬರ ಹೊಟ್ಟೆಯನ್ನು ಬಲವಂತವಾಗಿ ಮುಚ್ಚಿದ್ದಳು. ಒಳಗಿನ ಒತ್ತಡಕ್ಕೆ ಮೊದಲು ಮೂತ್ರ ನಿಂತಿತು, ಆಮೇಲೆ ಉಸಿರು. ಆ ಮುಖ ಅವಳಿಗೆ ಇನ್ನೂ ಮರೆತಿರಲಿಲ್ಲ. ಆದರೂ ಹಿರಿಯರ ಮಾತನ್ನು ತಳ್ಳಿಹಾಕದೆ, ಇಕ್ಕಳದಲ್ಲಿ ಅಂಚುಗಳನ್ನು ಹಿಡಿದು ಮೆಲ್ಲಗೆ ಹತ್ತಿರ ತಂದಳು. ತಲೆಯ ಬಳಿ ಕುಳಿತಿದ್ದ ಅರಿವಳಿಕೆ ವೈದ್ಯರು ಥಟ್ಟನೆ, ಉಸಿರಿನ ಯಂತ್ರದ ಒತ್ತಡ ಏರುತ್ತಿದೆ ಎಂದರು. ಕೈ ಸಡಿಲಿಸಿದೊಡನೆ ಇಳಿಯಿತು. ಹಿರಿಯರು ಅವಳ ಕೈಯಿಂದ ಇಕ್ಕಳ ತೆಗೆದು ಟ್ರೇಗೆ ಹಾಕಿದರು. ಹೊಟ್ಟೆಯ ಮೇಲೆ ಶುದ್ಧವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರು ಹೀರುವ ಕೊಳವೆ ಇಟ್ಟು, ಹಾಗೇ ಐಸಿಯುಗೆ ಕಳಿಸಿದರು.

ಹೊರಗೆ ಕಾಯುತ್ತಿದ್ದ ಅಕ್ಕ ಇಸ್ತ್ರಿ ಅಂಗಡಿಯವಳು. ತಾಯಿ ಹೋದಮೇಲೆ ತಮ್ಮನನ್ನು ಸಾಕಿದ್ದು ಅವಳೇ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅವಳ ಮುಖವನ್ನೇ ನೋಡಿದಳು.

“ಬಾಯಿ ಕಟ್ಟದ ಮೂಟೆ ಹಾಗೆ ಬಿಟ್ಟು ಬಂದಿದೀರಾ ನನ್ನ ತಮ್ಮನ್ನ?”

“ಮುಚ್ಚೋಕೆ ಬರಲ್ಲ ಅಂತಲ್ಲಕ್ಕ. ಈಗ ಬಿಗಿದ್ರೆ ಉಸಿರಾಡೋಕೇ ಜಾಗ ಇರಲ್ಲ. ಊತ ಇಳೀಲಿ, ನಾನೇ ಹೊಲೀತೀನಿ.”

ಅಕ್ಕನಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಐಸಿಯು ಬಾಗಿಲಿನ ಬೆಂಚು ಬಿಟ್ಟು ಏಳಲಿಲ್ಲ. ಡಾಕ್ಟರಮ್ಮ ಹಾದುಹೋದಾಗಲೆಲ್ಲ ಮುಖ ತಿರುಗಿಸಿದಳು. ಡಾಕ್ಟರಮ್ಮನಿಗೂ ಊಟ ಸೇರಲಿಲ್ಲ. ಗಂಟೆಗೊಮ್ಮೆ ಬಂದು ಮೂತ್ರದ ಚೀಲ ನೋಡುತ್ತಿದ್ದಳು. ಎರಡನೇ ದಿನ ಸಂಜೆ ಅದು ದಂಡಿಯಾಗಿ ತುಂಬಿದ್ದು ಕಂಡು ನರ್ಸಿನ ಭುಜ ತಟ್ಟಿದಳು.

ಮೂರನೇ ಬೆಳಿಗ್ಗೆ ಹಾಳೆ ತೆಗೆದಾಗ ಕರುಳು ಗುಲಾಬಿ ಬಣ್ಣಕ್ಕೆ ತಿರುಗಿ ತನ್ನ ಜಾಗದಲ್ಲಿ ತೆಪ್ಪಗಿತ್ತು. ಅಂಚುಗಳನ್ನು ಹಿಡಿದಳು, ಹೆಚ್ಚು ಎಳೆಯದೆಯೇ ಕೂಡಿಬಂದವು. ಯಂತ್ರದ ಒತ್ತಡ ಅಲುಗಾಡಲಿಲ್ಲ. ಮುಖಕವಚದ ಹಿಂದೆ ಅವಳು ಬಿಟ್ಟ ನಿಟ್ಟುಸಿರು ಎಲ್ಲರಿಗೂ ಕೇಳಿಸಿತು.

ಆಮೇಲೆ ಅವಸರವಿಲ್ಲ. ಕೊಬ್ಬಿನ ಕೆಳಗಿರುವ ಬಿಳಿಯ ಗಟ್ಟಿ ಪದರವೇ ಹೊಟ್ಟೆಯನ್ನು ಹಿಡಿದಿಡುವುದು. ಅದನ್ನು ಮಾತ್ರ ಹಿಡಿದು, ತಿಂಗಳುಗಟ್ಟಲೆ ನಿಂತು ಮೆಲ್ಲಗೆ ಕರಗುವ ದಾರದಲ್ಲಿ, ಅಂಚಿನಿಂದ ಅರ್ಧ ಸೆಂಟಿಮೀಟರು ಒಳಗೆ, ಅರ್ಧ ಸೆಂಟಿಮೀಟರಿಗೊಂದು ಹೊಲಿಗೆ ಹಾಕುತ್ತ ಹೋದಳು. ದೊಡ್ಡ ದೊಡ್ಡ ಹೊಲಿಗೆ ಬೇಗ ಮುಗಿಯುತ್ತದೆ, ಆದರೆ ಮಾಂಸವನ್ನು ಹಿಸುಕುತ್ತದೆ. ಗಾಯ ಇಪ್ಪತ್ತೆರಡು ಸೆಂಟಿಮೀಟರು. ಹೊಲಿಗೆ ಸರಿಯಾಗಿ ಬಿದ್ದಿದ್ದರೆ ದಾರ ಅದರ ನಾಲ್ಕು ಪಟ್ಟಾದರೂ ಹಿಡಿಯಬೇಕು. ಕೊನೆಗೆ ನರ್ಸು ಉಳಿದ ತುಂಡುಗಳನ್ನು ಅಳೆದು, ಲೆಕ್ಕ ಹಾಕಿ, ತೊಂಬತ್ತೆರಡು ಸೆಂಟಿಮೀಟರು ಒಳಗೆ ಹೋಗಿದೆ ಎಂದಳು. ಹಿರಿಯ ಡಾಕ್ಟರು ಇಷ್ಟು ಹೊತ್ತೂ ದಾರ ಹಿಡಿದುಕೊಂಡು ನಿಂತಿದ್ದರು. ಕೈಗವಸು ಕಳಚುತ್ತ, ಮುಂದಿನ ಸಲ ತಮಗೂ ಒಮ್ಮೆ ಇಂಥ ಹೊಲಿಗೆ ಹಾಕಲು ಬಿಡಬೇಕೆಂದರು.

ಹೊರಗೆ ಅಕ್ಕ ಎದ್ದು ನಿಂತಳು.

“ಮುಚ್ಚಾಯ್ತಕ್ಕ. ಚೆನ್ನಾಗಿ ಕೂತಿದೆ.”

ಅಕ್ಕ ಡಾಕ್ಟರಮ್ಮನ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದು ಕುಳಿತಳು. ಡಾಕ್ಟರಮ್ಮನೂ ಪಕ್ಕದಲ್ಲೇ ಕುಳಿತಳು. ಇಬ್ಬರಿಗೂ ಸ್ವಲ್ಪ ಹೊತ್ತು ಏಳಬೇಕೆನಿಸಲಿಲ್ಲ.

ಹನ್ನೆರಡನೇ ದಿನ ಗಾಯ ಒಣಗಿ, ಸೆಕೆಂಡ್ ಗೇರ್ ಹೊಟ್ಟೆಗೆ ಪಟ್ಟಿ ಸುತ್ತಿಕೊಂಡು ತಾನೇ ಮೆಟ್ಟಿಲಿಳಿದ. ಬಸ್ ಯಾವಾಗ ಓಡಿಸಬಹುದೆಂದು ಕೇಳಿದ್ದಕ್ಕೆ, ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ, ಮೂರು ತಿಂಗಳು ಸ್ಟೇರಿಂಗ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಳು. ಡಾಕ್ಟರಮ್ಮ ಚೀಟಿಯಲ್ಲಿ ಅದನ್ನೇ ಸ್ವಲ್ಪ ಮೃದುವಾಗಿ ಬರೆದುಕೊಟ್ಟಳು.